ಜಡ್ಜ್ ತಾತ ನಡೆಯಲು ಕಲಿತದ್ದು

"ಅಮ್ಮಾ, ಜಡ್ಜ್ ತಾತನಿಗೆ ಕಾಲು ಇದೆಯಾ?"

ನಾಲ್ಕು ವರ್ಷದ ಮಗಳು ಟಿವಿಯ ಮುಂದೆ ಕೂತು ಕೇಳಿದಾಗ ತಾಯಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹಳೆಯ ಕೋರ್ಟು ಧಾರಾವಾಹಿಯೊಂದು ಮತ್ತೆ ಬರುತ್ತಿತ್ತು. ಎತ್ತರದ ಮೇಜಿನ ಹಿಂದೆ ಕಪ್ಪು ಕೋಟು, ಪೊದೆಯಂಥ ಹುಬ್ಬು, ಸುತ್ತಿಗೆ ಹಿಡಿದ ಕೈ. ಎದುರುಮನೆಯ ತಾತನೇ! ಅವರು ಈ ಕಟ್ಟಡಕ್ಕೆ ಬಂದು ವಾರವಷ್ಟೇ. ಮಗು ಅವರನ್ನು ಕಂಡಿದ್ದೂ ಬಾಲ್ಕನಿ ಗೋಡೆಯ ಹಿಂದೆ, ಎದೆಯಿಂದ ಮೇಲಷ್ಟೇ.

"ಇಲ್ದೆ ಏನೇ! ಕಾಲಿಲ್ದೆ ಮೂರು ಮಹಡಿ ಹತ್ತಿ ಬರ್ತಾರಾ?"

ಸಂಜೆ ಕಾರಿಡಾರಿನಲ್ಲಿ ಮಗಳು ಅದೇ ಪ್ರಶ್ನೆಯನ್ನು ತಾತನಿಗೇ ಕೇಳಿಬಿಟ್ಟಳು. ತಾಯಿ ನಾಚಿ ನೀರಾದಳು. ತಾತ ನಗಲಿಲ್ಲ.

"ಈಗ ನನಗೂ ಅದೇ ಅನುಮಾನ ಕಣೇ ಪುಟ್ಟಿ," ಎಂದರು.

ಅವರು ಹೀರೋ ಆಗುವ ಆಸೆ ಹೊತ್ತು ಸ್ಟುಡಿಯೋ ಮೆಟ್ಟಿಲು ಹತ್ತಿದವರು. ಹುಬ್ಬು ನೋಡಿ, ಗಂಟಲು ಕೇಳಿ ಯಾರೋ ಒಂದು ದಿನದ ಮಟ್ಟಿಗೆ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿದರು. ಕೂತವರು ಏಳಲೇ ಇಲ್ಲ. ಧಾರಾವಾಹಿಗಳು ಬದಲಾದವು, ವಕೀಲರು ಬದಲಾದರು, ಇವರ ಕುರ್ಚಿ ಮಾತ್ರ ಅದೇ. ಕೊಲೆಗಡುಕರಿಗೆ ಜೀವಾವಧಿ ಕೊಟ್ಟರು, ಮುರಿದ ಸಂಸಾರಗಳನ್ನು ಕೂಡಿಸಿದರು. ಸೊಂಟದ ಕೆಳಗಿನದು ಕ್ಯಾಮೆರಾಕ್ಕೆ ಕಾಣದು ಎಂದು ಸೆಕೆಗಾಲದಲ್ಲಿ ಕೋಟಿನ ಕೆಳಗೆ ಬರೀ ಚಡ್ಡಿ, ಹವಾಯಿ ಚಪ್ಪಲಿ. "ಮೇಲೆ ನ್ಯಾಯ, ಕೆಳಗೆ ಚಡ್ಡಿ" ಎಂದು ಅವರ ಹೆಂಡತಿ, ಎದುರುಮನೆ ಅಜ್ಜಿ, ಈಗಲೂ ಹಂಗಿಸುತ್ತಾರೆ.

ಆ ಧಾರಾವಾಹಿಗಳ ಕಾಲ ಮುಗಿದು ಫೋನು ಮೂಕವಾಗಿದ್ದಾಗ ಚಿಕ್ಕ ವಯಸ್ಸಿನ ನಿರ್ದೇಶಕಿಯೊಬ್ಬಳು ಕರೆದಿದ್ದಳು. ಪಾತ್ರ ಜಡ್ಜ್‌ನದಲ್ಲ. ಮಗಳ ಪರವಾಗಿ ಸಾಕ್ಷಿ ಹೇಳಲು ಮೊದಲ ಸಲ ಕೋರ್ಟಿಗೆ ಬರುವ ಮುದುಕ ಟೈಲರ್‌ನದು. ಬಾಗಿಲಿನಿಂದ ಕಟಕಟೆಯವರೆಗೆ ನಡೆದು ಬರಬೇಕು, ಪಾದದಿಂದ ತಲೆಯವರೆಗೂ ಕ್ಯಾಮೆರಾಕ್ಕೆ ಕಾಣುವಂತೆ.

"ರಿಹರ್ಸಲ್ ದಿನ ಬಾಗಿಲು ತೆರೀತಮ್ಮಾ. ನಾನು ಸೀದಾ ಹೋಗಿ ಜಡ್ಜ್ ಕುರ್ಚಿಯಲ್ಲಿ ಕೂತ್ಬಿಟ್ಟೆ! ಸೆಟ್‌ನಲ್ಲಿದ್ದೋರೆಲ್ಲಾ ಎದ್ದು ನಿಂತ್ರು. ಜಡ್ಜ್ ಪಾತ್ರ ಮಾಡೋ ಹುಡುಗ, ಪಾಪ, ತನ್ನ ಕೋಟು ಹಿಡ್ಕೊಂಡು ಪಕ್ಕಕ್ಕೆ ಸರಿದ," ತಾತ ತಾಯಿಯತ್ತ ತಿರುಗಿ ಹೇಳಿದರು.

"ಹುಟ್ಟುಗುಣ ಸುಟ್ರೂ ಹೋಗಲ್ಲ," ಒಳಗಿನಿಂದ ಅಜ್ಜಿಯ ದನಿ.

"ಸುಮ್ನಿರೇ! ಎರಡನೇ ಸಲ ದಾರಿ ತಪ್ಪಲಿಲ್ಲ. ಆದ್ರೆ ಆ ಹುಡುಗಿ ಮೆತ್ತಗೆ ಹೇಳಿದ್ಳು: 'ಸರ್, ಟೈಲರ್ ಬರ್ತಿಲ್ಲ, ತೀರ್ಪು ಬರ್ತಿದೆ. ಸೋಮವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ.'" ತಾತ ಒಳಗೆ ಕೇಳದಂತೆ ದನಿ ತಗ್ಗಿಸಿದರು. "ಇನ್ನೊಂದು ಪಾತ್ರ ನನ್ನ ಹುಡುಕ್ಕೊಂಡು ಬರಲ್ಲಮ್ಮಾ."

ತಾಯಿ ಮಗುವನ್ನು ಕಂಕುಳಿಗೇರಿಸಿ, "ಎಲ್ಲಿ ಅಂಕಲ್, ಒಂದ್ಸಲ ನಡೀರಿ," ಎಂದಳು.

ತಾತ ನಡೆದರು. ಎದೆ ಮುಂದೆ, ಗದ್ದ ಮೇಲೆ, ಕಾರಿಡಾರಿನ ನಟ್ಟನಡುವೆ.

"ಅದೇ ತಪ್ಪು. ಹೆದರಿದೋರು ನಡುವೆ ನಡೆಯಲ್ಲ, ಗೋಡೆ ಹಿಡ್ಕೊಂಡು ಹೋಗ್ತಾರೆ. ಇವಳಿಗೆ ಜ್ವರ ಅಂತ ಮೊದಲ್ನೇ ಸಲ ದೊಡ್ಡಾಸ್ಪತ್ರೆಗೆ ಎತ್ಕೊಂಡು ಹೋದಾಗ ಅಲ್ಲಿ ನರಪಿಳ್ಳೆ ಇರ್ಲಿಲ್ಲ. ಆದ್ರೂ ನಾನು ಅಂಚಲ್ಲೇ ಹೋದೆ. ಚಪ್ಪಲಿ ಸದ್ದಾದ್ರೆ ಯಾರಾದ್ರೂ ಬೈತಾರೇನೋ ಅಂತ."

ತಾತ ಅಂಚಿಗೆ ಸರಿದು ಗೋಡೆ ಮುಟ್ಟಿ ನೋಡಿದರು. "ನನ್ನ ಕೋರ್ಟಿಗೂ ಜನ ಹಾಗೇ ಬರ್ತಿದ್ರೇನೋ, ಅಲ್ವಾ? ನಾನು ನೋಡೇ ಇಲ್ಲ. ಡೈಲಾಗು ಎದುರಿನ ಫೈಲಲ್ಲಿ ಇಟ್ಟಿರ್ತಿದ್ರು, ಕಣ್ಣು ಅಲ್ಲೇ."

ಅಂದಿನಿಂದ ಕಾರಿಡಾರೇ ಕೋರ್ಟಾಯಿತು. ತಾಯಿ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಲೇ "ಭುಜ ಇಳೀಲಿ", "ಬೇಗ ಆಯ್ತು" ಎನ್ನುವಳು. ಮಗಳು ತಾತನ ಹಿಂದೆ ಹಿಂದೆಯೇ ಗೋಡೆ ಸವರಿಕೊಂಡು ಹೋಗುವಳು. ಮೊದಲೆರಡು ದಿನ ಏನು ಮಾಡಿದರೂ ಗತ್ತು ಬಿಡಲಿಲ್ಲ. ತಾತ ಸಿಡುಕಿ ಬಾಗಿಲು ಹಾಕಿಕೊಂಡದ್ದೂ ಉಂಟು, ಅಜ್ಜಿ ಮತ್ತೆ ಹೊರಗೆ ದಬ್ಬಿದ್ದೂ ಉಂಟು.

ಶನಿವಾರ ತಾತ ಗೋಡೆ ಹಿಡಿದು ನಡೆಯುತ್ತಿದ್ದಾಗ ಇಸ್ತ್ರಿಯವನು ಬಟ್ಟೆಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದ. ಈವರೆಗೆ ತಾತನೆದುರು ತಲೆಯೆತ್ತಿ ಮಾತಾಡದವನು ಗಂಟು ಕೆಳಗಿಟ್ಟು ಓಡಿಬಂದು ಅವರ ತೋಳು ಹಿಡಿದ.

"ಯಾಕ್ ಯಜಮಾನ್ರೇ, ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ? ಬನ್ನಿ, ಕೂತ್ಕೊಳ್ಳಿ."

ತಾತ ಅವನ ಮುಖವನ್ನೇ ನೋಡಿದರು. ಮರುಕ್ಷಣ ಅವನನ್ನು ಬಾಚಿ ತಬ್ಬಿಕೊಂಡರು. ತಬ್ಬಿಬ್ಬಾದ ಇಸ್ತ್ರಿಯವನು ಗಂಟೆತ್ತಿಕೊಂಡು ಕೆಳಗಿಳಿದು ಹೋದ, ಬಟ್ಟೆ ಕೊಡುವುದನ್ನೂ ಮರೆತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ವರ್ಷಕ್ಕೆ ಮನುಷ್ಯರ ಹಾಗೆ ನಡೆದ್ರಪ್ಪ," ಎಂದರು.

ಭಾನುವಾರ ಸಂಜೆ ತಾತ ಎದುರುಮನೆಯ ಬಾಗಿಲು ತಟ್ಟಿದರು. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತರು.

"ಒಂದು ಉಪಕಾರ ಆಗ್ಬೇಕಿತ್ತಮ್ಮಾ. ಇಲ್ಲ ಅಂದ್ರೂ ಬೇಜಾರಿಲ್ಲ. ಗೊತ್ತಿಲ್ಲದ ಜಾಗಕ್ಕೆ ಬಂದೋನು ಮೊದಲು ಒಂದು ಗುರುತಿನ ಮುಖ ಹುಡುಕ್ತಾನಲ್ವಾ? ಅಲ್ಲಿರೋ ಮುಖಗಳೆಲ್ಲಾ ನನ್ನ ಜಡ್ಜ್ ಅಂತಾನೇ ನೋಡ್ತವೆ. ನಾಳೆ ಮಗೂನ ಸೆಟ್‌ಗೆ ಕರ್ಕೊಂಡು ಬಂದು ಎದುರು ಬೆಂಚಲ್ಲಿ ಸ್ವಲ್ಪ ಹೊತ್ತು ಕೂತಿರ್ತೀಯಾ?"