ತೂಬು ಎತ್ತದ ಎಜೆಲ್

ಮಿಸಿಸಿಪ್ಪಿಯ ಆ ಪುಟ್ಟ ಊರಿನ ಈಜುಕೊಳವನ್ನು ಎಜೆಲ್ ಟಾರ್ವರ್ ಮದುವೆಯಾದಾಗಿನಿಂದ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದು ಎಲೆ ಬಾಚಿ, ಔಷಧಿ ಬೆರೆಸಿ, ತಳ ಕಾಣುವಷ್ಟು ತಿಳಿ ಮಾಡಿಡುತ್ತಿದ್ದ. ಬಿಳಿಯರ ಮಕ್ಕಳು ಬರುವ ಹೊತ್ತಿಗೆ ಕರಿಯನಾದ ಅವನು ಬೇಲಿಯಾಚೆ ಇರಬೇಕು. ಅವನಿಗೆ ಈಜು ಬರುತ್ತಿರಲಿಲ್ಲ. ಕರಿಯರ ಮಕ್ಕಳಿಗೆ ಊರಾಚೆಯ ಕೆಸರು ಹೊಳೆಯೇ ಗತಿ. ಬೇಸಿಗೆ ಬಂತೆಂದರೆ ಅಲ್ಲಿ ಮಗುವೊಂದು ಮುಳುಗಿ, ಯಾರದಾದರೂ ಮನೆಯಲ್ಲಿ ಅಳು ಏಳುತ್ತಿತ್ತು. ಹಾಗಾಗಿ ಮಗಳು ವರ್ನೀಟಾ ಹೊಳೆಯ ದಾರಿ ತುಳಿಯಲೂ ಅವನು ಬಿಟ್ಟಿರಲಿಲ್ಲ.

ಆ ವರ್ಷ ಊರು ಕಾದ ಬಾಣಲೆಯಂತಿತ್ತು. ಸಮಾನ ಹಕ್ಕು ಬೇಕೆಂದು ಕರಿಯ ಹುಡುಗರು ಹೋಟೆಲುಗಳಿಗೆ ಹೋಗಿ ಬಿಳಿಯರ ಕುರ್ಚಿಯಲ್ಲಿ ಕೂತು ಏಟು ತಿಂದು ಬರುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಕರಿಯರ ಚರ್ಚಿನ ಆರೇಳು ಹುಡುಗ ಹುಡುಗಿಯರು ಗೇಟು ದಾಟಿ, ತೊಟ್ಟ ಬಟ್ಟೆಯಲ್ಲೇ ಕೊಳಕ್ಕಿಳಿದರು. ಬಿಳಿಯ ತಾಯಂದಿರು ತಮ್ಮ ಮಕ್ಕಳನ್ನು ದರದರ ಎಳೆದುಕೊಂಡು ಮೇಲೆ ಬಂದರು. ಕೂಗಾಟ ಕೇಳಿ ಓಡಿಬಂದ ಎಜೆಲ್‌ಗೆ ಎದೆಮಟ್ಟದ ನೀರಲ್ಲಿ ಮಗಳ ಹಳದಿ ಫ್ರಾಕು ಕಂಡಿತು.

“ವರ್ನೀಟಾ! ಹಗ್ಗ ದಾಟ್ಬೇಡ ಕಣೇ, ಆಚೆ ಆಳ ಇದೆ!”

ನೀರಲ್ಲಿದ್ದ ಹುಡುಗನೊಬ್ಬ ಕಿಸಕ್ಕನೆ ನಕ್ಕ.

ಮ್ಯಾನೇಜರ್ ಹ್ಯಾಸ್ಕೆಲ್ ಧಾವಿಸಿ ಬಂದ. ಎಜೆಲ್‌ಗಿಂತ ಎಷ್ಟೋ ಚಿಕ್ಕವನು; ಅವನನ್ನೇ ಕೂಗಿದ. “ಲೇ ಹುಡುಗಾ, ತೂಬು ಎತ್ತು. ನೀರು ಖಾಲಿ ಆಗ್ಲಿ, ಆಮೇಲೆ ಅದೇನು ಈಜ್ತಾರೋ ನೋಡೋಣ!”

“ಮಕ್ಳು ಒಳಗಿದ್ದಾರೆ ಸ್ವಾಮಿ. ಸೆಳೆತಕ್ಕೆ ಕಾಲು ಸಿಕ್ರೆ ಕಷ್ಟ.”

“ನಿನ್ನನ್ನ ಕೇಳಿದ್ನಾ ನಾನು?”

“ಇಲ್ಲ ಸ್ವಾಮಿ.” ಎಜೆಲ್ ಸೊಂಟದಿಂದ ತೂಬಿನ ಬೀಗದಕೈ ಬಿಚ್ಚಿ ಕೊಟ್ಟ. “ನೀವೇ ಎತ್ಕೊಳ್ಳಿ. ನನ್ ಕೈಲಾಗಲ್ಲ.”

ಅಷ್ಟು ಜನ ನೋಡುತ್ತಿರುವಾಗ ಹ್ಯಾಸ್ಕೆಲ್‌ಗೂ ಧೈರ್ಯ ಬರಲಿಲ್ಲ. ಪೊಲೀಸರು ಬಂದು ಮಕ್ಕಳನ್ನು ವ್ಯಾನಿಗೆ ತುಂಬಿಕೊಂಡು ಹೋದರು.

“ಕೆಲ್ಸ ಹೋಯ್ತು, ಮಗಳು ಜೈಲಲ್ಲಿ ಕೂತವಳೆ,” ಆ ರಾತ್ರಿ ಮನೆಯಲ್ಲಿ ಹೆಂಡತಿ ಲೂಲಾ ಸೊಪ್ಪಿನ ಪಾತ್ರೆ ಕುಕ್ಕಿದಳು. “ಅಷ್ಟು ಜನ ಬಿಳಿಯರ ಮುಂದೆ ನಿನಗೆ ಹೇಳೋಕೆ ಸಿಕ್ಕಿದ್ದು ಹಗ್ಗ ದಾಟ್ಬೇಡ ಅಂತಾನಾ?”

“ಅವಳಿಗೆ ಈಜು ಬರಲ್ಲ ಕಣೇ,” ಎಂದ ಎಜೆಲ್.

ಲೂಲಾ ಅಳುತ್ತಲೇ ನಕ್ಕುಬಿಟ್ಟಳು.

ವರ್ನೀಟಾ ಸೋಮವಾರ ಮನೆಗೆ ಬಂದಳು. ಕರಿಯರೂ ಬಿಳಿಯರೂ ಒಂದೇ ನೀರಿಗಿಳಿಯುವುದಕ್ಕಿಂತ ಕೊಳವೇ ಬೇಡವೆಂದು ಊರಿನ ಹಿರಿಯರು ಅದಕ್ಕೆ ಮಣ್ಣು ಸುರಿಸಿ ಹುಲ್ಲು ಬಿತ್ತಿದರು. ಆ ಬೇಸಿಗೆ ಬಿಳಿಯರ ಮಕ್ಕಳಿಗೂ ಈಜು ತಪ್ಪಿತು. ಎಜೆಲ್ ಮರ ಕೊಯ್ಯುವ ಮಿಲ್ಲಿಗೆ ಸೇರಿದ.

ನೌಕಾಪಡೆಯಲ್ಲಿದ್ದು ಬಂದ ರಾಸ್ಕೋ ಎಂಬಾತ ಭಾನುವಾರಗಳಲ್ಲಿ ಹೊಳೆಯ ತಿರುವಿನಲ್ಲಿ ಮಕ್ಕಳಿಗೆ ಈಜು ಕಲಿಸತೊಡಗಿದ. ವರ್ನೀಟಾ ಬೇಗ ಕಲಿತಳು. ದಡದಲ್ಲೇ ಕೂತು ಕಾಯುತ್ತಿದ್ದ ಎಜೆಲ್ ಒಂದು ದಿನ ಪ್ಯಾಂಟು ಮಡಿಚಿ, ತಲೆಯ ಟೋಪಿಯನ್ನೂ ತೆಗೆಯದೆ ತಾನೂ ಇಳಿದ. ಮಗಳು ಬೆನ್ನಿಗೆ ಕೈ ಕೊಟ್ಟಳು.

“ಬಿಗಿ ಹಿಡೀಬೇಡ ಅಪ್ಪಾ. ಹಾಸಿಗೆ ಮೇಲೆ ಮಲಗಿದ ಹಾಗೆ ಮಲ್ಕೋ.”

ಕಿವಿಯೊಳಗೆಲ್ಲ ನೀರು, ಕಣ್ಣ ತುಂಬ ಆಕಾಶ. ಮಗಳು ಯಾವಾಗ ಕೈ ತೆಗೆದಳೋ ಅವನಿಗೆ ಗೊತ್ತಾಗಲಿಲ್ಲ. ದಡದಿಂದ ಲೂಲಾ ಏನೋ ಅರಚುತ್ತಿದ್ದಳು. ಅವನು ತಡಬಡಿಸಿ ಎದ್ದು ನಿಂತ.

“ಏನಂದೆ?”

“ನಿನ್ ಟೋಪಿ ತೇಲ್ಕೊಂಡು ಹೋಯ್ತು ಅಂದೆ!”