ಹೂಂ ಅನ್ನದ ಸಭೆ

ನನ್ನ ಟ್ರಂಕಿನಲ್ಲಿ ಈಗಲೂ ಕುಪ್ಪಸದ ಖಣಗಳ ಒಂದು ದೊಡ್ಡ ಗಂಟಿದೆ. ಹೊಲಿಸಿಕೊಳ್ಳಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಗಂಡಸು ಸಾಹಿತಿಗೆ ಶಾಲು, ಹೆಂಗಸು ಸಾಹಿತಿಗೆ ಖಣ ಮತ್ತು ಕಾಯಿ. ನಮ್ಮ ಕಡೆಯ ಸಭೆಗಳಲ್ಲಿ ಅದೇ ರೂಢಿ. ಕಾಯಿ ಚಟ್ನಿಗೆ ಹೋದವು, ಖಣ ಉಳಿದವು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಅಂತ ಎಲ್ಲಿ ಪೆಂಡಾಲು ಎದ್ದರೂ ‘ಮಕ್ಕಳ ಸಾಹಿತಿ’ ಅಂತ ನನ್ನನ್ನು ಕರೆಯುತ್ತಿದ್ದರು. ಕರೆದದ್ದೇನೋ ನಿಜ. ಕೇಳಿದವರು ಯಾರು? ಅದನ್ನು ಹೇಳಬೇಕೆಂದೇ ಈಗ ಬರೆಯಲು ಕೂತಿದ್ದೇನೆ.

ನಾನು ರಾಯಚೂರಿನಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದೆ. ನನ್ನ ಮೊದಲ ಪುಸ್ತಕದ ಕಥೆಗಳೆಲ್ಲ ಗಬ್ಬೂರಿನ ನಮ್ಮತ್ತೆಯ, ಅಂದರೆ ನನ್ನ ಗಂಡನ ತಾಯಿಯ, ಬಾಯಿಂದ ಬಂದವು. ಹಾಗಂತ ಮುನ್ನುಡಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಮುನ್ನುಡಿಯನ್ನು ಯಾರೂ ಓದಲಿಲ್ಲ, ಆ ಮಾತು ಬೇರೆ.

ನಮ್ಮತ್ತೆ ಅಕ್ಷರ ಕಲಿತವರಲ್ಲ. ಹೊಲದಿಂದ ಬಂದು, ಮುಖ ತೊಳೆದು, ಮೊರದಲ್ಲಿ ಜೋಳ ಹಾಕಿಕೊಂಡು ಪಡಸಾಲೆಯಲ್ಲಿ ಕೂತರೆಂದರೆ ರಜೆಗೆ ಹೋದ ನನ್ನ ಮಕ್ಕಳು, ಓಣಿಯ ಮಕ್ಕಳು, ಪಕ್ಕದ ಮನೆಯ ಬೀಬಿಯ ಮಕ್ಕಳು, ಎಲ್ಲ ಬಂದು ಸುತ್ತ ಮುತ್ತಿಕೊಳ್ಳುತ್ತಿದ್ದವು. ‘ಆಯಿ, ಇರಿವಿ ಕಥಿ!’ ಅಂತ ಅಜ್ಜಿಯ ಮುಂದೆ ಒಂದೇ ಗದ್ದಲ. ಪಂಚಮಿಗೆ ತವರಿಗೆ ಹೊರಟ ಒಂದು ಇರುವೆಯ ಕಥೆ ಅದು. ಅವ್ವನಿಗೆ ಕೊಡಬೇಕೆಂದು ಒಂದು ಜೋಳದ ಕಾಳು ಹೊತ್ತುಕೊಂಡು ಹೊರಡುತ್ತದೆ. ದಾರಿಯಲ್ಲಿ ಹಳ್ಳ ದಾಟಿಸಿದ ಕಪ್ಪೆಗೆ ಒಂದಿಷ್ಟು, ನೆರಳು ಕೊಟ್ಟ ಓತಿಕ್ಯಾತಕ್ಕೆ ಒಂದಿಷ್ಟು ಕೊಡುತ್ತ ಕೊಡುತ್ತ ಕಾಳು ಸಣ್ಣದಾಗುತ್ತ ಹೋಗುತ್ತದೆ.

ಆದರೆ ಕಥೆ ಸುಮ್ಮನೆ ಬರುತ್ತಿರಲಿಲ್ಲ. ಅತ್ತೆ ಒಂದು ಮಾತು ಹೇಳಿದರೆ ಮಕ್ಕಳು ‘ಹೂಂ’ ಅನ್ನಬೇಕು. ಹೂಂ ಅಂದರೆ ಇನ್ನೊಂದು ಮಾತು. ಮತ್ತೆ ಹೂಂ. ಮಕ್ಕಳು ತೂಕಡಿಸಿಯೋ ಜಗಳಾಡಿಯೋ ಹೂಂ ನಿಂತಿತೋ, ಕಥೆಯೂ ನಿಂತಿತು. ಇರುವೆ ಹಳ್ಳದ ನಡುವೆ ಇದ್ದರೆ ನಡುವೆಯೇ ಇರುತ್ತಿತ್ತು. ಅತ್ತೆ ಬಾಯಿ ಮುಚ್ಚಿ ಕಾಳು ಆರಿಸುತ್ತ ಕೂತುಬಿಡುತ್ತಿದ್ದರು. ಅದು ಹಟವಲ್ಲ. ಹೂಂ ಬರದಿದ್ದರೆ ಮುಂದಿನ ಮಾತು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ. ನಾನೂ ಹಾಗೇ ಹೂಂ ಅನ್ನುತ್ತ ಅನ್ನುತ್ತ ಆ ಕಥೆಗಳನ್ನು ಬರೆದುಕೊಂಡವಳು.

ಪುಸ್ತಕ ಅಚ್ಚಾಗುತ್ತದೆ, ರಾಯಚೂರಿನಲ್ಲಿ ಅದರ ಬಿಡುಗಡೆ ಅಂದಾಗ ಅತ್ತೆಗೆ ಆದ ಖುಷಿ ಅಷ್ಟಿಷ್ಟಲ್ಲ. ‘ನನ್ನ ಇರಿವಿ ರಾಯಚೂರಿಗಿ ಹೊಂಟಾದ’ ಅಂತ ಓಣಿ ತುಂಬ ಹೇಳಿಕೊಂಡು ಬಂದರು. ನನ್ನನ್ನು ಕೇಳಿದ್ದು ಒಂದೇ.

‘ಯವ್ವಾ, ಅಲ್ಲಿ ಹುಡುಗ್ರು ಬಾಳ ಮಂದಿ ಇರ್ತಾರೇನು?’

‘ಶಾಲಿ ಹುಡುಗ್ರು ಎಲ್ಲಾ ಇರ್ತಾರ್ರೀ ಅತ್ತೀ.’

‘ನಮ್ಮ ಪಡಸಾಲ್ಯಾಗ ಹತ್ತು ಹುಡುಗ್ರು ಹೂಂ ಅಂದ್ರ ಇಷ್ಟು ಚಂದ ಕೇಳಸ್ತದ. ಅಷ್ಟೂ ಮಂದಿ ಒಮ್ಮೆಲೆ ಹೂಂ ಅಂದ್ರ ಹ್ಯಾಂಗ ಕೇಳಸ್ತದೋ ಏನೋ! ಒಮ್ಮಿ ಕೇಳಬೇಕಲ್ಲ ನಾನು.’

‘ಕೇಳಸ್ತೀನ್ರಿ,’ ಅಂದೆ. ಕೊಟ್ಟ ಮಾತು ಅದು. ಅದಕ್ಕಾಗಿಯೇ ನಾನು ಮುಂದೆ ಇಷ್ಟು ವರ್ಷ ಆ ಸಭೆಗಳಿಗೆ ಅಲೆದದ್ದು. ನನಗೇನು ಹಾರ ಹಾಕಿಸಿಕೊಳ್ಳುವ ಹುಚ್ಚಿತ್ತೇ?

ಬಿಡುಗಡೆಯ ದಿನ ಮಕ್ಕಳು ಇದ್ದರು. ಸ್ವಾಗತಗೀತೆಗೆ. ಬಿಸಿಲಲ್ಲಿ ಸಾಲು ನಿಂತು, ಅತಿಥಿಗಳ ಮೇಲೆ ಹೂ ಎರಚಿ, ಹಾಡು ಹಾಡಿದವು. ಹಾಡು ಮುಗಿಯುತ್ತಲೇ ಕಾರ್ಯದರ್ಶಿ ಮೈಕಿನಲ್ಲಿ, ‘ಮಕ್ಕಳು ಇನ್ನು ಸದ್ದಿಲ್ಲದೆ ಮನೆಗೆ ಹೋಗಬೇಕು,’ ಅಂದ. ಕೈಗೊಂದು ಪೆಪ್ಪರ್‌ಮಿಂಟು ಕೊಟ್ಟು ಓಡಿಸಿದರು. ಆಮೇಲೆ ಮುಖ್ಯ ಅತಿಥಿ, ಒಬ್ಬ ಅಕ್ಕಿ ಗಿರಣಿ ಮಾಲೀಕರು, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಹೊರತೆಗೆದು, ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಅಂತ ಶುರು ಮಾಡಿದವರು ಗಂಟೆಗಟ್ಟಲೆ ಮಾತಾಡಿದರು. ಎದುರಿಗೆ ಒಂದೇ ಒಂದು ಮಗು ಇಲ್ಲ! ಜಮಖಾನದ ಮೇಲೆ ಹೆಂಗಸರ ಕಡೆ ನಮ್ಮತ್ತೆ, ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಕಣ್ಣು ಪಿಳುಕಿಸದೆ ಕಾದು ಕೂತಿದ್ದರು. ನನ್ನ ಸರದಿ ಬಂದಾಗ ಕಾರ್ಯದರ್ಶಿ ಕಿವಿಯಲ್ಲಿ ಹೇಳಿದ, ‘ಟೀಚರ್ರೇ, ಎರಡು ಮಾತಾಡಿ ಮುಗಸ್ರಿ, ಸಾಹುಕಾರ್ರು ಹೋಗಬೇಕಂತ.’ ಲೇಖಕಿಗೆ ಎರಡು ಮಾತು. ಹೊಟ್ಟೆ ಉರಿಯುತ್ತದೆಯೋ ಇಲ್ಲವೋ ನೀವೇ ಹೇಳಿ.

ಈ ಕಾರ್ಯದರ್ಶಿ ಅನ್ನುವ ಪ್ರಾಣಿ ನನ್ನ ಬೆನ್ನು ಬಿಡಲಿಲ್ಲ. ಜಿಲ್ಲೆಯಲ್ಲಿ ಯಾವ ಸಾಹಿತ್ಯದ ಕಾರ್ಯಕ್ರಮವಾದರೂ ಅವನೇ ನಿಂತು ನಡೆಸುವವನು. ಕೆಟ್ಟ ಮನುಷ್ಯನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದು ಸಲ ಬೈದು ಬಿಟ್ಟುಬಿಡಬಹುದಿತ್ತು. ನಗುನಗುತ್ತ ಬರುವುದು, ‘ನೀವಿಲ್ಲದ ಗೋಷ್ಠಿ ಗೋಷ್ಠೀನೇ ಅಲ್ರೀ’ ಅನ್ನುವುದು, ಕರೆದುಕೊಂಡು ಹೋಗಿ ಊಟದ ನಂತರ ಕೂರಿಸುವುದು. ಮಕ್ಕಳ ಸಾಹಿತ್ಯದ ಗೋಷ್ಠಿ ಯಾವಾಗಲೂ ಊಟದ ನಂತರವೇ. ಹೋಳಿಗೆ ಉಂಡವರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿರುತ್ತಾರೆ, ಪೆಂಡಾಲಿನವರು ಹಿಂದಿನ ಸಾಲು ಎತ್ತಿಡಲು ಶುರು ಮಾಡಿರುತ್ತಾರೆ, ಆಗ ನಾವು ಮಕ್ಕಳ ಬಗ್ಗೆ ಮಾತಾಡಬೇಕು.

ದೇವದುರ್ಗಕ್ಕೆ ಎಷ್ಟೋ ಸಲ ಹೋದೆ. ರಾಯಚೂರಿನಿಂದ ನನ್ನ ಬಸ್ಸು ಗಬ್ಬೂರಿಗೆ ಬರುವಾಗ ಅತ್ತೆ ಅದೇ ಇಳಕಲ್ ಸೀರೆ ಉಟ್ಟು ಬಸ್ ನಿಲ್ಲುವಲ್ಲಿ ನಿಂತಿರುತ್ತಿದ್ದರು. ಹತ್ತಿ ಪಕ್ಕಕ್ಕೆ ಕೂತವರೇ, ‘ಇವತ್ತು ಹುಡುಗ್ರು ಇರ್ತಾರಲ್ಲ?’ ಅನ್ನುತ್ತಿದ್ದರು. ಒಮ್ಮೆ ಮಕ್ಕಳಿಗೆ ಪರೀಕ್ಷೆ. ಒಮ್ಮೆ ಮಂತ್ರಿ ಬರುತ್ತಾರೆಂದು ಮಕ್ಕಳನ್ನು ರಸ್ತೆ ಬದಿಗೆ ಒಯ್ದಿದ್ದರು. ಮತ್ತೊಮ್ಮೆ ಮಕ್ಕಳು ಇದ್ದರು, ನಾನು ‘ಒಂದೂರಲ್ಲಿ ಒಂದು ಇರುವೆ ಇತ್ತು’ ಅನ್ನುವಷ್ಟರಲ್ಲಿ ಕಾರ್ಯದರ್ಶಿ ವಂದನಾರ್ಪಣೆಯ ಚೀಟಿ ಹಿಡಿದು ಪಕ್ಕದಲ್ಲಿ ಬಂದು ನಿಂತ. ವಾಪಸು ಬರುವಾಗ ಗಬ್ಬೂರಿನಲ್ಲಿ ಇಳಿಯುತ್ತ ಅತ್ತೆ, ‘ಇರ್ಲಿ ಬಿಡು, ಮುಂದಿನ ಸಲ,’ ಅನ್ನುತ್ತಿದ್ದರು. ನನಗೆ ಅಳು ಬರುವುದು ಒಂದು ಕಡೆ, ಸಿಟ್ಟು ಒಂದು ಕಡೆ. ಮಡಿಲಲ್ಲಿ ಸಭೆಯವರು ಕೊಟ್ಟ ಖಣ, ಕಾಯಿ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಾನ್ವಿಯಲ್ಲಿ ಒಂದು ದೊಡ್ಡ ಸಮ್ಮೇಳನ ಮಾಡಿದರು. ಕಾರ್ಯದರ್ಶಿ ಆಮಂತ್ರಣ ಹಿಡಿದು ರಾಯಚೂರಿನ ಮನೆಗೇ ಬಂದ. ಈ ಸಲ ನಾನು ಬಿಡಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತೆ.

‘ನಾನು ಮಾತಾಡಂಗಿಲ್ಲ. ನನ್ನ ವೇಳೆ ನಮ್ಮತ್ತಿಗೆ ಕೊಡ್ರಿ. ಊಟಕ್ಕಿಂತ ಮೊದಲ ಕೊಡ್ರಿ. ಹುಡುಗ್ರು ಎದುರಿಗೆ ಕುಂತಿರಬೇಕು.’

ಅವನು ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. ‘ಜಾನಪದ ಆತಲ್ರೀ! ಚೊಲೋ ಆತು ಬಿಡ್ರಿ, ಅದೊಂದು ಕಮ್ಮಿ ಬಿದ್ದಿತ್ತು.’

‘ಮತ್ತೊಂದು ಮಾತು. ಹುಡುಗ್ರು ಹೂಂ ಅನಬೇಕು. ಹೂಂ ಅನ್ನದಿದ್ರ ಆಕಿ ಕಥಿ ಹೇಳಂಗಿಲ್ಲ.’

‘ಆಗ್ಲಿ ಆಗ್ಲಿ,’ ಅಂತ ನಕ್ಕ. ತಮಾಷೆ ಅಂದುಕೊಂಡಿರಬೇಕು. ಚಹಾ ಕುಡಿದು ಹೋದ.

ಅತ್ತೆ ಹಿಂದಿನ ದಿನವೇ ರಾಯಚೂರಿಗೆ ಬಂದರು. ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಮಾನ್ವಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತುಟಿ ಅಲುಗುತ್ತಿತ್ತು. ತಮ್ಮಷ್ಟಕ್ಕೆ ಕಥೆ ಹೇಳಿಕೊಳ್ಳುತ್ತಿದ್ದರು.

ಪೆಂಡಾಲಿನೊಳಗೆ ಕಾಲಿಟ್ಟು ನೋಡುತ್ತೇನೆ, ಎಲ್ಲಿ ನೋಡಿದಲ್ಲಿ ಮಕ್ಕಳು! ಮಲ್ಲಟದಿಂದ, ಬಾಗಲವಾಡದಿಂದ ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಬಂದಿದ್ದರು. ಅತ್ತೆ ನನ್ನ ಕೈ ಹಿಸುಕಿ, ‘ಯವ್ವಾ, ಇಷ್ಟು ಮಂದಿ!’ ಅಂದರು. ಇವತ್ತು ನನ್ನ ಮಾತು ಉಳಿಯಿತು ಅಂದುಕೊಂಡೆ.

ನನ್ನನ್ನು ವೇದಿಕೆಯ ಕೊನೆಯ ಕುರ್ಚಿಯಲ್ಲಿ, ಅತಿಥಿಗಳ ಹಿಂದೆ ಕೂರಿಸಿದರು. ಅತ್ತೆಯನ್ನು ಮೈಕಿನ ಮುಂದೆ ನಿಲ್ಲಿಸಿದರು. ನಿಂತು ಕಥೆ ಹೇಳಿ ಅವರಿಗೆ ಅಭ್ಯಾಸವಿಲ್ಲ. ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದರು. ಕೆಳಗೆ ಹೆಡ್ ಮಾಸ್ತರರೊಬ್ಬರು ಎದ್ದು, ‘ಲೇ, ಬಾಯಿ ಮ್ಯಾಲೆ ಬೆರಳು!’ ಅಂತ ಕೂಗಿದರು. ಅಷ್ಟೂ ಮಕ್ಕಳ ಬೆರಳು ತುಟಿಗೆ ಹೋದವು. ‘ಪಿಟ್ ಅಂದ್ರ ನೋಡ್ರಿ ಮತ್ತ!’ ದೊಡ್ಡವರು ಬಂದಾಗ ಮಕ್ಕಳು ಗಪ್ಪಾಗಿ ಕೂತರೇ ಶಾಲೆಯ ಮರ್ಯಾದೆ ಅಂತ ನಮ್ಮವರು ತಿಳಿದದ್ದು. ಅತಿಥಿಗಳು ಮೆಚ್ಚಿ ತಲೆದೂಗಿದರು.

ಅತ್ತೆ ಶುರು ಮಾಡಿದರು. ‘ಒಂದೂರಾಗ ಒಂದು ಇರಿವಿ ಇತ್ತು.’

ನಿಂತರು. ಕಾದರು.

ಪೆಂಡಾಲಿನಲ್ಲಿ ಸೊಳ್ಳೆ ಹಾರಿದರೂ ಕೇಳುವಷ್ಟು ಶಾಂತಿ. ಅತ್ತೆ ಮಕ್ಕಳನ್ನು ನೋಡಿ ನಕ್ಕರು. ಕೇಳಿಸಿಲ್ಲ ಅಂದುಕೊಂಡಿರಬೇಕು, ಮತ್ತೆ ಸ್ವಲ್ಪ ಜೋರಾಗಿ, ‘ಒಂದೂರಾಗ ಒಂದು ಇರಿವಿ ಇತ್ತ್ರಪಾ,’ ಅಂದರು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಂದು ಪುಟ್ಟ ಹುಡುಗಿ ಬೆರಳು ತೆಗೆದು ಸಣ್ಣಗೆ ‘ಹೂಂ’ ಅಂದಿತು. ಅತ್ತೆಯ ಮುಖ ಅರಳಿತು, ‘ಪಂಚಮಿ ಬಂತು...’ ಅನ್ನುತ್ತಿದ್ದಂತೆ ಮಾಸ್ತರರ ಕಟ್ಟಿಗೆಯ ಪಟ್ಟಿ ಆ ಹುಡುಗಿಯ ತಲೆಯ ಮೇಲೆ ಟಕ್ ಅಂತ ಬಿತ್ತು. ಹುಡುಗಿ ಬಾಯಿ ಮುಚ್ಚಿಕೊಂಡಿತು. ಅತ್ತೆಯೂ.

ನಾನು ಎದ್ದು ನಿಂತು, ‘ಹೂಂ ಅನ್ರೋ! ಹುಡುಗ್ರಾ, ಹೂಂ ಅನ್ರೋ!’ ಅಂತ ಒದರಿದೆ. ನನ್ನ ಮುಂದೆ ಮೈಕಿಲ್ಲ, ಎದುರಿಗೆ ಅತಿಥಿಗಳ ಬೆನ್ನು. ಮಾಸ್ತರರು ನನ್ನ ಗದ್ದಲಕ್ಕೆ ಮಕ್ಕಳು ಕೆಡುತ್ತಾರೆಂದು ಮತ್ತಷ್ಟು ಕಣ್ಣು ಬಿಟ್ಟರು. ಅತ್ತೆ ಸುಮ್ಮನೆ ನಿಂತೇ ಇದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

ಕಾರ್ಯದರ್ಶಿ ಓಡಿ ಬಂದು ಮೈಕು ಹಿಡಿದ. ‘ಅಜ್ಜಿಗೆ ವಯಸ್ಸಾಗೇದ, ಕಥಿ ಮರತಾರ. ಪರವಾಗಿಲ್ಲ! ನಮ್ಮ ಜಾನಪದ ಹಿಂಗ ಮರತು ಹೊಂಟಾದ, ಅದಕ್ಕ ನಾವು ಉಳಸಬೇಕು. ಮಕ್ಕಳೇ, ಜೋರಾಗಿ ಚಪ್ಪಾಳೆ!’

ಚಪ್ಪಾಳೆಗೆ ಅಪ್ಪಣೆ ಇತ್ತು ನೋಡಿ. ಅಷ್ಟೂ ಮಕ್ಕಳು ಒಮ್ಮೆಲೆ ಚಪ್ಪಾಳೆ ತಟ್ಟಿದವು, ಪೆಂಡಾಲೇ ಕಿತ್ತುಹೋಗುವ ಹಾಗೆ. ಅತ್ತೆಯ ಕೊರಳಿಗೆ ಹಾರ ಬಿತ್ತು. ನಾನು ಕುರ್ಚಿಗಳನ್ನು ತಳ್ಳಿಕೊಂಡು ಹೋಗಿ ಮೈಕು ಕಸಿದುಕೊಂಡೆ. ‘ಮರತಿಲ್ಲ ಆಕಿ! ಹುಡುಗ್ರ ಬಾಯಿ ಮುಚ್ಚಿಸಿದೋರು ನೀವು!’ ಅಂದೆ. ಅಷ್ಟರಲ್ಲಿ ಮೈಕಿನವನಿಗೆ ಸನ್ನೆ ಹೋಗಿತ್ತು. ರೆಕಾರ್ಡಿನ ಹಾಡು ಶುರುವಾಯಿತು. ನಾನು ಬೈದದ್ದು ನನಗೇ ಕೇಳಲಿಲ್ಲ. ‘ಟೀಚರ್ರೇ, ಶಾಂತ ಆಗ್ರಿ, ಉಡಿ ತುಂಬೋದದ,’ ಅಂತ ಕಾರ್ಯದರ್ಶಿ ನಗುತ್ತಲೇ ನನ್ನ ಕೈಗೆ ಖಣ ಕೊಟ್ಟ. ಮಣ್ಣು ಬೀಳಲಿ ಅವನ ಖಣಕ್ಕೆ. ಅವತ್ತು ಅಲ್ಲೇ ಅವನ ಮುಖದ ಮೇಲೆ ಎಸೆದು ಬಂದೆ. ಮರುವಾರ ಅಂಚೆಯಲ್ಲಿ ಮನೆಗೆ ಕಳಿಸಿಕೊಟ್ಟ, ಅಷ್ಟು ಒಳ್ಳೆಯ ಮನುಷ್ಯ.

ಬಸ್ಸಿನಲ್ಲಿ ಅತ್ತೆ ಹಾರ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಕಡೆ ನೋಡುತ್ತ ಕೂತರು. ‘ಆ ಕೂಸಿಗಿ ಹೊಡದ್ರಲ್ಲವ್ವಾ,’ ಅಂದರು. ‘ನನ್ನ ಸಲುವಾಗಿ ಹೊಡತ ತಿಂತು. ಎಷ್ಟು ಚಂದ ಹೂಂ ಅಂದಿತ್ತು.’

‘ಅತ್ತೀ, ಮುಂದಿನ ಸಲ...’ ಅಂದೆ.

‘ಬ್ಯಾಡ ಬಿಡು,’ ಅಂದರು.

ಆಮೇಲೂ ಆಮಂತ್ರಣಗಳು ಬಂದವು. ಮಕ್ಕಳ ಬಾಯಿ ಮುಚ್ಚಿಸುವುದಿಲ್ಲ ಅಂದರೆ ಬರುತ್ತೇನೆ ಅಂದೆ. ‘ಶಿಸ್ತು ಬ್ಯಾಡೇನ್ರೀ?’ ಅಂತ ಕೇಳಿದ ಕಾರ್ಯದರ್ಶಿ. ನನ್ನ ಪುಸ್ತಕಕ್ಕೆ ಒಂದು ಬಹುಮಾನವೂ ಬಂತು. ಶಾಲೆಗಳಿಗೆಲ್ಲ ಹೋಯಿತು, ಅಲಮಾರಿಯಲ್ಲಿ ಬೀಗ ಹಾಕಿಸಿಕೊಂಡು ಕೂತಿತು.

ಮಾನ್ವಿಯ ಸಮ್ಮೇಳನ ಆದ ವರ್ಷದ ಪಂಚಮಿಗೆ ಗಬ್ಬೂರಿಗೆ ಹೋದೆವು. ಜೋಕಾಲಿ ಆಡಿ ದಣಿದ ಮಕ್ಕಳು ಪಡಸಾಲೆಗೆ ಬಂದು, ‘ಆಯಿ, ಇರಿವಿ ಕಥಿ!’ ಅಂತ ಸುತ್ತ ಮುತ್ತಿಕೊಂಡವು. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

‘ನಿಮ್ಮವ್ವನ ಪುಸ್ತಕದಾಗೇ ಅದ,’ ಅಂದರು. ‘ಓದ್ಕೋರಿ.’

ನನ್ನ ಕಿರಿಯ ಮಗಳು ಚೀಲದಿಂದ ಪುಸ್ತಕ ತಂದು ನಡುವೆ ಕೂತು ಜೋರಾಗಿ ಓದಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ಮಕ್ಕಳು ಚಿತ್ರ ನೋಡಲು ಒಬ್ಬರ ಮೇಲೊಬ್ಬರು ಬಿದ್ದಿದ್ದವು, ಯಾರೂ ಹೂಂ ಅನ್ನಲಿಲ್ಲ. ಆದರೂ ಇರುವೆ ಗಡಗಡನೆ ಹಳ್ಳ ದಾಟಿತು, ತವರು ಸೇರಿತು, ಕಥೆ ಮುಗಿದೇ ಹೋಯಿತು. ಅತ್ತೆ ಕಾಳು ಆರಿಸುತ್ತಲೇ ಇದ್ದರು.