ಅಕ್ಕನ ಮುಖದ ದ್ಯಾಮವ್ವ

ಧಾರವಾಡದ ನನ್ನ ಮನೆಯ ಹಿಂದೆ ಈಗ ಬಾಗಿಲು ಮಾಡುವ ಕಾರ್ಖಾನೆಯೊಂದು ಬಂದಿದೆ. ಬೆಳಿಗ್ಗೆ ಅಲ್ಲಿ ಸಾಗುವಾನಿ ಕೊಯ್ಯತೊಡಗಿದರೆ ಆ ಎಣ್ಣೆಗಂಪು, ತುಸು ಒಗರಿನ ವಾಸನೆ ಅಡಿಗೆಮನೆಯ ತನಕ ಬರುತ್ತದೆ. ಬೇರೆಯವರಿಗೆ ಅದು ಹಿತವೇ ಇರಬಹುದು. ನನಗೆ ಮಾತ್ರ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಈಗ ಇಲ್ಲದ ಮನೆಯ ಬಾಗಿಲನ್ನು ಕೇಳದೆಯೇ ತೆರೆಯುವಂಥದು. ನನಗೆ ಕಾಣುವುದು ಎಪ್ಪತ್ತರ ದಶಕದ ಸವದತ್ತಿಯ ನಮ್ಮ ಪಡಸಾಲೆ, ನೆಲದ ತುಂಬ ಸುರುಳಿ ಸುತ್ತಿದ ಕಟ್ಟಿಗೆಯ ಸಿಪ್ಪೆ, ಕಾಲು ಚಾಚಿ ಕುಳಿತ ಅಪ್ಪ, ಅವನ ಮೊಣಕಾಲುಗಳ ನಡುವೆ ತಲೆಯಿಟ್ಟು ಅಂಗಾತ ಮಲಗಿದ ದ್ಯಾಮವ್ವ.

ಅಪ್ಪ ಬಡಿಗ. ಬಂಡಿಯ ಗಾಲಿ, ಕೂರಿಗೆ, ಬಾಗಿಲ ಚೌಕಟ್ಟು ಅವನ ದಿನದ ಕೆಲಸ. ಮೂರ್ತಿ ಕೆತ್ತುವುದು ಎಂದೋ ಒಮ್ಮೆ. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟು ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಂಡಿದ್ದ ಜನ ತಮ್ಮ ಗ್ರಾಮದೇವತೆ ದ್ಯಾಮವ್ವನಿಗೆ ಹೊಸ ಮೂರ್ತಿ ಬೇಕೆಂದು ಬಂದಿದ್ದರು. ಮೈ, ಕೈ, ಸೀರೆಯ ನಿರಿಗೆ ಎಲ್ಲ ಒಂದು ತಿಂಗಳಲ್ಲಿ ಮುಗಿಯಿತು. ಮುಖಕ್ಕೆ ಬಂದಾಗ ಅಪ್ಪ ನಿಧಾನವಾದ. ದಪ್ಪ ಉಳಿ, ಕೊಡತಿ ಎತ್ತಿಟ್ಟ. ಕಿರುಬೆರಳಿನಷ್ಟು ಸಣ್ಣ ಉಳಿ ಹಿಡಿದು, ಬರೀ ಅಂಗೈಯ ಒತ್ತಡದಲ್ಲಿ ರೆಪ್ಪೆಯ ಅಂಚು, ಮೂಗಿನ ಹೊಳ್ಳೆ, ತುಟಿಯ ಮೂಲೆ ತಿದ್ದುತ್ತಿದ್ದ. ಒಂದು ರೆಪ್ಪೆಗೆ ಒಂದು ದಿನ. ಊದುತ್ತಿದ್ದ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತಿದ್ದ, ಮತ್ತೆ ಕೂದಲೆಳೆಯಷ್ಟು ತೆಗೆಯುತ್ತಿದ್ದ. ಆಗ ನಾವು ಕೆಮ್ಮು ಬಂದರೂ ಹಿತ್ತಲಿಗೆ ಓಡುತ್ತಿದ್ದೆವು. ಉಳಿ ಜಾರಿ ಮೂಗು ಮುಕ್ಕಾದರೆ ಮೂರ್ತಿ ಭಿನ್ನವಾದಂತೆ, ಪೂಜೆಗೆ ಬಾರದು.

ನನಗಾಗ ಒಂಬತ್ತು, ಅಕ್ಕ ಗೌರವ್ವನಿಗೆ ಹದಿಮೂರು. ಅಕ್ಕ ಬಾಗಿಲ ಬೆಳಕಿನಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು, ಅಪ್ಪ ಆಗಾಗ ತಲೆಯೆತ್ತಿ ಅವಳನ್ನು ನೋಡುತ್ತಿದ್ದ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯ ನೀಲವ್ವಜ್ಜಿ ಹೆಪ್ಪು ಕೇಳಲು ಬಂದಿದ್ದಳು. ಆಗಷ್ಟೇ ಅಪ್ಪ ಪಾಲಿಶ್ ಕಾಗದ ತಿಕ್ಕಿ, ಧೂಳು ಒರೆಸಿದ. ಕಿರಿದಾದ ಹಣೆ, ಎಡಕ್ಕೆ ತುಸು ಮೇಲೆದ್ದ ತುಟಿ, ಏನೋ ಕೇಳಲು ಹೊರಟಂಥ ಹುಬ್ಬು. ನಾನು ಕೂಗಿಬಿಟ್ಟೆ: "ಅಯ್ಯ, ದ್ಯಾಮವ್ವ ನಮ್ಮಕ್ಕನಂಗ ಅದಾಳ!"

ನೀಲವ್ವಜ್ಜಿ ಬಗ್ಗಿ ಮೂರ್ತಿಯ ಮುಖ ನೋಡಿದಳು, ಆಮೇಲೆ ಅಕ್ಕನ ಮುಖ. "ಏನ್ ಮಾಡಿದ್ಯೋ ತಮ್ಮಾ! ಜೀವ ಇದ್ದ ಹುಡುಗಿ ಮಾರೀನ ದೇವರಿಗೆ ಕೊಡಬಾರದು. ದ್ಯಾಮವ್ವ ತನ್ನಾಕಿ ಅಂತ ಕರಕೊಂತಾಳ" ಎಂದು ಅಪ್ಪನಿಗೆ ಹೇಳಿ, ಹೆಪ್ಪನ್ನು ಮರೆತೇ ಹೋದಳು.

ಮೂರನೆಯ ದಿನ ಅಕ್ಕನಿಗೆ ಜ್ವರ ಬಂತು. ಡಾಕ್ಟರು ವಿಷಮಜ್ವರ ಎಂದು ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಒಳಗೆ ಚಾಪೆಯ ಮೇಲೆ ಒಂದು ಮುಖ, ಪಡಸಾಲೆಯಲ್ಲಿ ಅದೇ ಮುಖ. ಅಕ್ಕನ ಕೆನ್ನೆ ಒಳಹೋದಂತೆಲ್ಲ ಕಟ್ಟಿಗೆಯ ಕೆನ್ನೆ ತುಂಬಿಕೊಳ್ಳುತ್ತಿದೆ ಎಂದು ನನಗೆ ಕಾಣತೊಡಗಿತು. ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ ಪಡಸಾಲೆ ದಾಟುತ್ತಿದ್ದೆ. ಕೂಗಿ ಹೇಳಿದವಳು ನಾನು. ಹೇಳದಿದ್ದರೆ ದ್ಯಾಮವ್ವನಿಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ನಂಬಿದ್ದೆ. ಯಾರಿಗೂ ಇದನ್ನು ಹೇಳಲಿಲ್ಲ.

ಜ್ವರದ ಎಂಟನೆಯ ದಿನ ಅವ್ವ ಪಡಸಾಲೆಗೆ ಬಂದು ನಿಂತಳು. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಆ ಮಾರಿ ತಗೀರಿ."

"ಜ್ವರಕ್ಕೂ ಇದಕ್ಕೂ ಏನ್ ಸಂಬಂಧ? ಡಾಕ್ಟರ್ ನೋಡಾಕ ಹತ್ಯಾರಲ್ಲ" ಎಂದ ಅಪ್ಪ.

"ಸಂಬಂಧ ಇರಲಿಕ್ಕಿಲ್ರಿ. ಇದ್ರ?"

ಅಂಥ ಕೆಲಸ ಕೈಗೆ ಜನ್ಮದಲ್ಲಿ ಒಮ್ಮೆ ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಬಹಳ ಹೊತ್ತು ಆ ಮುಖ ನೋಡುತ್ತ ಕೂತು, ಕೊನೆಗೆ ಸಣ್ಣ ಉಳಿ ಎತ್ತಿಕೊಂಡು "ಬಾ, ತಲಿ ಹಿಡಿ" ಎಂದು ನನ್ನನ್ನು ಕರೆದ. ನಾನು ಆ ಕೆನ್ನೆಗಳನ್ನು ಎರಡೂ ಕೈಯಿಂದ ಹಿಡಿದೆ. ಅಪ್ಪ ತುಟಿಯ ಮೂಲೆಗೆ ಉಳಿ ಇಟ್ಟ. ಹೆಚ್ಚು ತೆಗೆದರೆ ಮೂರ್ತಿ ಕೆಡುತ್ತದೆ, ಕಡಿಮೆ ತೆಗೆದರೆ ಅಕ್ಕ ಅದರಲ್ಲೇ ಉಳಿಯುತ್ತಾಳೆ. ಅದೇ ಗಳಿಗೆಗೆ ಅಕ್ಕ ಒಳಗಿನಿಂದ ನರಳಿದಳು. "ಅಪ್ಪಾ, ಆಕಿಗೆ ನೋಯಾಕ ಹತ್ತೈತಿ!" ಎಂದೆ. ಅಪ್ಪ ನಿಲ್ಲಿಸಲಿಲ್ಲ. ಅವನು ಅಳುತ್ತಿದ್ದಾನೆಂದು ಉಸಿರಿನಿಂದ ತಿಳಿಯಿತು. ಸಂಜೆಯ ಹೊತ್ತಿಗೆ ತುಟಿ ಸಮವಾಯಿತು, ಹುಬ್ಬು ನೇರವಾಯಿತು, ಹಣೆ ಅಗಲವಾಯಿತು. ಎಲ್ಲ ಊರಿನ ದ್ಯಾಮವ್ವಂದಿರಂತೆ ಇವಳೂ ಒಬ್ಬಳಾದಳು.

ಜ್ವರ ಮತ್ತೂ ಐದು ದಿನ ಕಾಡಿ ಇಳಿಯಿತು. ಗುಳಿಗೆಯಿಂದಲೋ ಉಳಿಯಿಂದಲೋ, ನಮ್ಮ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಹೊಸ ಊರಿನವರು ಬಂದು "ಮಾರಿ ಚೊಲೊ ಬಂದೈತಿ" ಎಂದು ಬಂಡಿಯಲ್ಲಿ ಒಯ್ದರು. ಅಪ್ಪ ಮತ್ತೆಂದೂ ಮೂರ್ತಿ ಕೆತ್ತಲಿಲ್ಲ.

ಅಪ್ಪ ಹೋದ, ಅವ್ವ ಹೋದಳು, ಪಡಸಾಲೆ ಬಿದ್ದು ಅಲ್ಲಿ ಅಂಗಡಿಗಳೆದ್ದವು. ಬೈಲಹೊಂಗಲಕ್ಕೆ ಸೊಸೆಯಾಗಿ ಹೋಗಿದ್ದ ಅಕ್ಕ ಮೊಮ್ಮಕ್ಕಳನ್ನು ಕಂಡು, ಹೋದ ವರ್ಷ ತೀರಿಕೊಂಡಳು. ಅವಳ ಮಗಳು ಟ್ರಂಕು ಕೆದಕುತ್ತ ಕೇಳಿದಳು: "ಚಿಗವ್ವಾ, ನಮ್ಮವ್ವ ಸಣ್ಣಾಕಿದ್ದಾಗಿನ ಫೋಟೊ ಒಂದಾದ್ರೂ ಐತೇನು?"

ಇಲ್ಲ ಎಂದೆ. ಹದಿಮೂರರ ಅಕ್ಕ ಇದ್ದ ಹಾಗೆಯೇ ಇದ್ದ ಮುಖ ಒಂದೇ ಒಂದು. ಹತ್ತು ಹನ್ನೊಂದು ದಿನ ಈ ಭೂಮಿಯ ಮೇಲಿತ್ತು. ಅದನ್ನು ಕಂಡವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಅದನ್ನು ಅಳಿಸುವಾಗ ಅಲುಗದಂತೆ ಹಿಡಿದವಳೂ ನಾನೇ.